ದೂರಿನಿಂದ ಕಾನೂನಿನವರೆಗೆ: ಡಿಜಿಟಲ್ ಹಕ್ಕುಗಳಿಗಾಗಿ ಸಂಘಟಿತರಾಗುವವರಿಗೆ ಒಂದು ಕೈಪಿಡಿ

“ಖಾಸಗಿತನವನ್ನು ಕಾಪಾಡಿ” ಎಂಬುದು ಘೋಷಣೆಯಾಗಬಹುದೇ ಹೊರತು ಬೇಡಿಕೆಯಾಗಲಾರದು. ಬೇಡಿಕೆ ಎನಿಸಿಕೊಳ್ಳಲು ಅದು ಯಾರಿಗೆ ಸಲ್ಲುತ್ತದೆ ಎಂಬುದು ಗೊತ್ತಿರಬೇಕು, ಕೇಳಿದ್ದನ್ನು ಮಾಡುವ ಅಧಿಕಾರ ಅವರ ಕೈಯಲ್ಲಿರಬೇಕು, ಮಾಡಿದರೋ ಇಲ್ಲವೋ ಎಂಬುದನ್ನು ಮುಂದೊಂದು ದಿನ ಯಾರು ಬೇಕಾದರೂ ನೋಡಿ ಹೇಳುವಂತಿರಬೇಕು. ಆದ್ದರಿಂದ ಇಂಥ ಕೆಲಸಕ್ಕೆ ಇಳಿಯುವ ಗುಂಪು ಮೊದಲು ತನ್ನ ಆತಂಕವನ್ನು ಒಂದೇ ವಾಕ್ಯಕ್ಕೆ ಇಳಿಸಬೇಕು: ಯಾವ ಸಂಸ್ಥೆ, ಯಾರ ಯಾವ ಮಾಹಿತಿಯನ್ನು, ಯಾವ ಅಧಿಕಾರದ ಬಲದಿಂದ ಏನು ಮಾಡುತ್ತಿದೆ, ಮತ್ತು ಅದರ ಬದಲು ಏನಾಗಬೇಕು. ಒಂದು ಸಂಜೆಯಲ್ಲಿ ಮುಗಿಯುವ ಕೆಲಸದಂತೆ ಕಾಣುವ ಈ ವಾಕ್ಯಕ್ಕೆ ವಾರಗಳೇ ಹಿಡಿಯಬಹುದು. ಆ ಸಮಯ ವ್ಯರ್ಥವಲ್ಲ. ವಾಕ್ಯದಲ್ಲಿ ತುಂಬಲಾಗದೆ ಉಳಿದ ಪ್ರತಿಯೊಂದು ಖಾಲಿ ಜಾಗವೂ ಮುಂದೆ ಹುಡುಕಬೇಕಾದ ದಾಖಲೆ ಯಾವುದು ಎಂಬುದನ್ನು ತೋರಿಸಿಕೊಡುತ್ತದೆ.

ಒಂದು ನಗರದ ಆಡಳಿತವು ಬೀದಿಗಳಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳನ್ನು ಅಳವಡಿಸಲು ಹೊರಟಿದೆ ಎಂದುಕೊಳ್ಳೋಣ. “ಸಾಮೂಹಿಕ ಕಣ್ಗಾವಲನ್ನು ನಿಲ್ಲಿಸಿ” ಎಂದು ಬರೆದ ಮನವಿಗೆ ಯಾವ ಅಧಿಕಾರಿಯೂ “ನಾವು ಕಣ್ಗಾವಲು ನಡೆಸುತ್ತಿಲ್ಲ, ಭದ್ರತೆ ಒದಗಿಸುತ್ತಿದ್ದೇವೆ” ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಬಹುದು. “ಚುನಾಯಿತ ಸಭೆಯಲ್ಲಿ ಬಹಿರಂಗ ಚರ್ಚೆ ನಡೆದು ಒಪ್ಪಿಗೆ ಸಿಗುವವರೆಗೆ ಈ ಖರೀದಿಯ ಟೆಂಡರನ್ನು ಅಂತಿಮಗೊಳಿಸಬಾರದು” ಎಂದು ಬರೆದರೆ ಹಾಗೆ ಜಾರಿಕೊಳ್ಳುವುದು ಕಷ್ಟ. 2019ರ ಮೇ ತಿಂಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವು ತನ್ನ ಇಲಾಖೆಗಳು ಮುಖ ಗುರುತಿಸುವ ತಂತ್ರಜ್ಞಾನವನ್ನು ಬಳಸುವುದನ್ನು ನಿಷೇಧಿಸಿದಾಗ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಆ ನಿಷೇಧ. ಆದರೆ ಅದೇ ಶಾಸನದಲ್ಲಿ, ಯಾವುದೇ ಕಣ್ಗಾವಲು ಸಾಧನವನ್ನು ಕೊಳ್ಳುವ ಮೊದಲು ಇಲಾಖೆಗಳು ನಗರದ ಚುನಾಯಿತ ಮಂಡಳಿಯ ಒಪ್ಪಿಗೆ ಪಡೆಯಬೇಕು ಎಂಬ ನಿಯಮವೂ ಇತ್ತು. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಬಾಳಿಕೆಯ ಗೆಲುವು, ಏಕೆಂದರೆ ನಾಳೆ ಹೊಸ ಹೆಸರಿನಲ್ಲಿ ಬರುವ ಸಾಧನಕ್ಕೂ ಅದು ಅನ್ವಯವಾಗುವಂತಿತ್ತು. ಖಾಸಗಿ ಅಂಗಡಿಗಳಿಗಾಗಲಿ, ಕೇಂದ್ರ ಸರ್ಕಾರದ ಅಧೀನದಲ್ಲಿರುವ ಜಾಗಗಳಿಗಾಗಲಿ ಆ ಶಾಸನ ತಟ್ಟುವುದಿಲ್ಲ ಎಂಬುದನ್ನೂ ಗಮನಿಸಬೇಕು. ಬೇಡಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಬೇಡಿಕೆ ಇಡುವವರೇ ಮೊದಲು ತಿಳಿದಿರಬೇಕು.

ಕಾಗದಪತ್ರ ಕೂಡಿಸುವ ಬಗೆ

ಈ ಕ್ಷೇತ್ರದಲ್ಲಿ ಭಾಷಣಕ್ಕಿಂತ ಕಡತವೇ ಗಟ್ಟಿ. ಯಾವುದೇ ವ್ಯವಸ್ಥೆ ಚಾಲನೆಗೆ ಬರುವ ಮೊದಲು ಅದು ಕಾಗದದ ಮೇಲೆ ಎಷ್ಟೋ ಸಲ ಹಾದುಹೋಗಿರುತ್ತದೆ: ಟೆಂಡರ್ ಪ್ರಕಟಣೆ, ತಾಂತ್ರಿಕ ವಿವರಗಳ ಪಟ್ಟಿ, ಸಭೆಯ ನಡಾವಳಿ, ಮಾರಾಟಗಾರರೊಂದಿಗಿನ ಒಪ್ಪಂದ, ಬಜೆಟ್ಟಿನ ಒಂದು ಸಾಲು. ಇವುಗಳಲ್ಲಿ ಟೆಂಡರ್ ದಾಖಲೆಯನ್ನು ಮೊದಲು ಓದಬೇಕು. ಅಧಿಕಾರಿಗಳು ಪತ್ರಿಕಾಗೋಷ್ಠಿಯಲ್ಲಿ ಹೇಳದ ಸಂಗತಿಗಳನ್ನು ಮಾರಾಟಗಾರರಿಗೆ ಹೇಳಲೇಬೇಕಾಗುತ್ತದೆ. ಎಷ್ಟು ಮುಖಗಳ ಸಂಗ್ರಹ ಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾವ ಯಾವ ಇಲಾಖೆಗಳ ಮಾಹಿತಿಗೆ ಜೋಡಿಸಬೇಕು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ.

ಪ್ರಕಟವಾಗದ ದಾಖಲೆಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಅಭಿಪ್ರಾಯ ಕೇಳಬಾರದು, ದಾಖಲೆ ಕೇಳಬೇಕು. “ಈ ಯೋಜನೆಯಿಂದ ಜನರ ಖಾಸಗಿತನಕ್ಕೆ ಧಕ್ಕೆಯಾಗುವುದಿಲ್ಲವೇ?” ಎಂದು ಕೇಳಿದರೆ ಉತ್ತರ ಕೊಡಬೇಕಾಗಿಯೇ ಇಲ್ಲ, “ಈ ಯೋಜನೆಯ ಬಗ್ಗೆ ಖಾಸಗಿತನದ ಮೇಲಿನ ಪರಿಣಾಮವನ್ನು ಅಂದಾಜಿಸಿದ ವರದಿಯ ಪ್ರತಿಯನ್ನು ಕೊಡಿ” ಎಂದು ಕೇಳಿದರೆ, ಒಂದೋ ವರದಿ ಸಿಗುತ್ತದೆ, ಇಲ್ಲವೇ ಅಂಥ ವರದಿಯೇ ಇಲ್ಲ ಎಂಬ ಲಿಖಿತ ಉತ್ತರ ಸಿಗುತ್ತದೆ. ಎರಡನೆಯದು ಎಷ್ಟೋ ಸಲ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು. ಅರ್ಜಿ ಕೊಟ್ಟ ದಿನ, ಸ್ವೀಕೃತಿ, ಉತ್ತರ ಬರಬೇಕಿದ್ದ ದಿನ, ಬಂದ ದಿನ, ಮೇಲ್ಮನವಿಯ ಕೊನೆಯ ದಿನ, ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದಿಡುವ ಹೊಣೆಯನ್ನು ಒಬ್ಬರಿಗೇ ಒಪ್ಪಿಸಬೇಕು. ಎಲ್ಲರ ಹೊಣೆಯಾದರೆ ಅದು ಯಾರ ಹೊಣೆಯೂ ಆಗುವುದಿಲ್ಲ.

ಕಂಪನಿಗಳ ವಿಷಯದಲ್ಲಿ ದಾರಿ ಬೇರೆ. ಮಾಹಿತಿ ಸಂರಕ್ಷಣಾ ಕಾನೂನು ಇರುವ ದೇಶಗಳಲ್ಲಿ, ತನ್ನ ಬಗ್ಗೆ ಕಂಪನಿ ಏನೆಲ್ಲ ಇಟ್ಟುಕೊಂಡಿದೆ ಎಂದು ಕೇಳುವ ಹಕ್ಕು ವ್ಯಕ್ತಿಗೆ ಸಾಮಾನ್ಯವಾಗಿ ಇರುತ್ತದೆ. 2011ರಲ್ಲಿ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿಯಾಗಿದ್ದ ಮ್ಯಾಕ್ಸ್ ಶ್ರೆಮ್ಸ್ ಹೀಗೆ ಕೇಳಿದಾಗ ಫೇಸ್‌ಬುಕ್‌ನಿಂದ ಬಂದದ್ದು ಸುಮಾರು 1,200 ಪುಟ; ಆತ ಅಳಿಸಿಹಾಕಿದ್ದೆನೆಂದು ನಂಬಿದ್ದ ಸಂಗತಿಗಳೂ ಅದರಲ್ಲಿದ್ದವು. ಆ ಪುಟಗಳಿಂದಲೇ ದೂರುಗಳು ಹುಟ್ಟಿದವು. 2018ರ ಮೇ 25ರಿಂದ ಜಾರಿಗೆ ಬಂದ ಯುರೋಪಿನ ಮಾಹಿತಿ ಸಂರಕ್ಷಣಾ ನಿಯಮವಾದ ಜಿಡಿಪಿಆರ್ ಪ್ರಕಾರ ಇಂಥ ಕೋರಿಕೆಗೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು, ಮತ್ತು ಲಾಭೋದ್ದೇಶವಿಲ್ಲದ ಸಂಸ್ಥೆಯೊಂದು ವ್ಯಕ್ತಿಗಳ ಪರವಾಗಿ ದೂರು ಕೊಡುವುದಕ್ಕೂ ಅವಕಾಶವಿದೆ. ಇಪ್ಪತ್ತು ಸದಸ್ಯರು ಒಂದೇ ವಾರದಲ್ಲಿ ಒಂದೇ ಕಂಪನಿಗೆ ಒಂದೇ ಮಾತಿನ ಕೋರಿಕೆ ಕಳುಹಿಸಿ, ಬಂದ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಬ್ಬರ ದೂರಿನಲ್ಲಿ ಕಾಣದ ಮಾದರಿ ಅಲ್ಲಿ ಕಾಣಿಸುತ್ತದೆ: ಯಾರಿಗೆ ಪೂರ್ತಿ ಉತ್ತರ, ಯಾರಿಗೆ ಅರ್ಧ, ಯಾರಿಗೆ ಬರೀ ಮೌನ.

ಇಂಟರ್ನೆಟ್ ಸ್ಥಗಿತ ಅಥವಾ ತಾಣಗಳ ತಡೆಯ ಬಗ್ಗೆ ಕೆಲಸ ಮಾಡುವವರಿಗೆ ಸಮಯವೇ ಮುಖ್ಯ ಸಾಕ್ಷಿ. ನೆಟ್ಟು ಹೋಯಿತು ಎಂದು ನೂರು ಜನ ಹೇಳಿದರೂ ನ್ಯಾಯಾಲಯದಲ್ಲಿ ಅದು ಹೇಳಿಕೆ ಮಾತ್ರ; ಊನಿ ಎಂಬ ಮುಕ್ತ ಯೋಜನೆಯ ಆ್ಯಪ್‌ನಂಥ ಸಾಧನದಿಂದ ಯಾವ ಜಾಲದಲ್ಲಿ, ಯಾವ ಗಂಟೆಗೆ, ಯಾವ ತಾಣ ತೆರೆಯಲಿಲ್ಲ ಎಂದು ಅಳೆದಿಟ್ಟರೆ ಅದು ದಾಖಲೆ. ಆದರೆ ಹೀಗೆ ಅಳೆಯುವುದೇ ಅಪಾಯಕಾರಿಯಾಗುವ ಜಾಗಗಳೂ ಇವೆ, ಅಳತೆಯ ಫಲಿತಾಂಶ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ ಕೂಡ. ಆದ್ದರಿಂದ ಸ್ವಯಂಸೇವಕರಿಗೆ ಅದನ್ನು ಬಿಡಿಸಿ ಹೇಳದೆ ಆ್ಯಪ್ ಹಾಕಿಸಬಾರದು. ಟೋಗೊ ದೇಶದಲ್ಲಿ 2017ರ ಸೆಪ್ಟೆಂಬರಿನಲ್ಲಿ ನಡೆದ ಇಂಟರ್ನೆಟ್ ಸ್ಥಗಿತವು ಕಾನೂನುಬಾಹಿರವೆಂದು ಪಶ್ಚಿಮ ಆಫ್ರಿಕಾದ ಪ್ರಾದೇಶಿಕ ನ್ಯಾಯಾಲಯ 2020ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಸುಮಾರು ಮೂರು ವರ್ಷಗಳ ಬಳಿಕ ಬಂದ ಆ ತೀರ್ಪನ್ನು ನೆನೆದರೆ, ಘಟನೆಯ ದಿನವೇ ಎತ್ತಿಟ್ಟ ದಾಖಲೆಯ ಬೆಲೆ ಎಷ್ಟು ಎಂಬುದು ಅರ್ಥವಾಗುತ್ತದೆ.

ಮೂರು ಪ್ರಶ್ನೆಗಳ ಒರೆಗಲ್ಲು

ಕೂಡಿಸಿದ ಸಂಗತಿಗಳನ್ನು ಕಾನೂನಿನ ಭಾಷೆಗೆ ತರಲು ವಕೀಲರೇ ಆಗಿರಬೇಕಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೇ ವಿಧಿಯೂ, 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 17ನೇ ವಿಧಿಯೂ ಖಾಸಗಿತನದಲ್ಲಿ ಮನಸೋಇಚ್ಛೆಯ ಹಸ್ತಕ್ಷೇಪವನ್ನು ತಡೆಯುತ್ತವೆ. ಬೇರೆ ಬೇರೆ ದೇಶಗಳ ನ್ಯಾಯಾಲಯಗಳು ಇದನ್ನು ಪರೀಕ್ಷಿಸಲು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತವೆ: ಈ ಕ್ರಮಕ್ಕೆ ಕಾನೂನಿನ ಆಧಾರವಿದೆಯೇ, ಅದರ ಉದ್ದೇಶ ನ್ಯಾಯವಾದುದೇ, ಆ ಉದ್ದೇಶಕ್ಕೆ ಇಷ್ಟು ದೊಡ್ಡ ಹಸ್ತಕ್ಷೇಪ ಬೇಕೇ ಅಥವಾ ಕಡಿಮೆ ನೋವಿನ ದಾರಿ ಇದೆಯೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಂದ ಮೊಕದ್ದಮೆಯಲ್ಲಿ ಭಾರತದ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದಾಗ ಆಧಾರವಾಗಿ ನಿಂತದ್ದೂ ಇಂಥ ಒರೆಗಲ್ಲೇ.

ಕ್ಯಾಮೆರಾದ ಉದಾಹರಣೆಗೆ ಮರಳೋಣ. ಮುಖದ ಸಂಗ್ರಹಕ್ಕೆ ಅಧಿಕಾರ ಕೊಡುವ ಶಾಸನ ಯಾವುದು ಎಂದು ಕೇಳಿದಾಗ ಬರೀ ಆಡಳಿತಾತ್ಮಕ ಸುತ್ತೋಲೆಯೊಂದು ಸಿಕ್ಕರೆ, ಮೊದಲ ಪ್ರಶ್ನೆಯಲ್ಲೇ ನಿಮ್ಮ ವಾದ ಗಟ್ಟಿಯಾಗುತ್ತದೆ. ಉದ್ದೇಶದ ಪ್ರಶ್ನೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಅಪರಾಧ ತಡೆಯುವುದು ನ್ಯಾಯವಾದ ಉದ್ದೇಶವಲ್ಲವೆಂದು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ತೂಕವೆಲ್ಲ ಇರುವುದು ಮೂರನೆಯದರಲ್ಲಿ. ಕೆಲವರನ್ನು ಹುಡುಕಲು ಬೀದಿಯಲ್ಲಿ ನಡೆಯುವ ಎಲ್ಲರ ಮುಖವನ್ನೂ ಅಳೆಯಬೇಕೇ, ಅಳೆದದ್ದನ್ನು ಎಷ್ಟು ದಿನ ಇಡಬೇಕು, ತಪ್ಪಾಗಿ ಗುರುತಿಸಲ್ಪಟ್ಟವನು ಎಲ್ಲಿಗೆ ಹೋಗಬೇಕು? ದೂರವಾಣಿ ಮತ್ತು ಇಂಟರ್ನೆಟ್ ಸಂಪರ್ಕದ ವಿವರಗಳನ್ನು 6 ತಿಂಗಳಿಂದ 2 ವರ್ಷಗಳವರೆಗೆ ಕೂಡಿಡಬೇಕೆಂದು ಕಂಪನಿಗಳಿಗೆ ವಿಧಿಸಿದ್ದ ಯುರೋಪಿನ 2006ರ ನಿರ್ದೇಶನವನ್ನು, ಡಿಜಿಟಲ್ ರೈಟ್ಸ್ ಐರ್ಲೆಂಡ್ ಎಂಬ ನಾಗರಿಕ ಸಂಘಟನೆಯೂ ಆಸ್ಟ್ರಿಯಾದ ಹನ್ನೊಂದು ಸಾವಿರಕ್ಕೂ ಹೆಚ್ಚು ನಾಗರಿಕರೂ ಪ್ರಶ್ನಿಸಿದ್ದರು. ಯುರೋಪಿನ ನ್ಯಾಯಾಲಯ 2014ರ ಏಪ್ರಿಲ್ 8ರಂದು ಅದನ್ನು ರದ್ದುಪಡಿಸಿತು. ಗಂಭೀರ ಅಪರಾಧದ ವಿರುದ್ಧದ ಹೋರಾಟ ಒಪ್ಪತಕ್ಕ ಉದ್ದೇಶವೆಂದು ಒಪ್ಪಿಕೊಂಡ ಮೇಲೂ, ಯಾವ ಭೇದವೂ ಇಲ್ಲದೆ ಎಲ್ಲರ ವಿವರವನ್ನೂ ಕೂಡಿಡುವುದು ಅಗತ್ಯದ ಗಡಿಯನ್ನು ದಾಟಿದೆ ಎಂಬುದು ಅದರ ನಿಲುವಾಗಿತ್ತು.

ಇಲ್ಲೊಂದು ಎಚ್ಚರಿಕೆಯ ಮಾತು. ಖಾಸಗಿತನ ಎಂಬ ಪದವನ್ನು ಅಧಿಕಾರಸ್ಥರೂ ಗುರಾಣಿಯಾಗಿ ಹಿಡಿಯಬಲ್ಲರು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಯನ್ನು ತಿದ್ದಿ, ವೈಯಕ್ತಿಕ ಮಾಹಿತಿಗೆ ಕೊಟ್ಟಿದ್ದ ವಿನಾಯಿತಿಯನ್ನು ಹಿಗ್ಗಿಸಿತು. ಸಾರ್ವಜನಿಕ ಹಣದ ಲೆಕ್ಕ ಕೇಳುವವರಿಗೆ ಇದರಿಂದ ತೊಡಕಾಗುತ್ತದೆಂದು ಮಾಹಿತಿ ಹಕ್ಕಿನ ಕಾರ್ಯಕರ್ತರು ಅದನ್ನು ವಿರೋಧಿಸಿದರು. ಮಸೂದೆಯ ಹೆಸರಿನಲ್ಲಿ ಸಂರಕ್ಷಣೆ ಎಂಬ ಮಾತಿದ್ದರೂ, ಕೊನೆಯ ಪುಟಗಳಲ್ಲಿ ಬೇರೆ ಕಾಯ್ದೆಗಳಿಗೆ ಮಾಡಿದ ತಿದ್ದುಪಡಿಗಳ ಪಟ್ಟಿಯನ್ನು ಓದದೆ ಅದನ್ನು ಸ್ವಾಗತಿಸಬಾರದು.

ಜೊತೆಗಾರರನ್ನು ಹುಡುಕುವುದು

ತಂತ್ರಜ್ಞರೂ ವಕೀಲರೂ ಮಾತ್ರ ಸೇರಿದ ಗುಂಪಿನ ಮಾತು ಸರಿಯಿದ್ದರೂ ಅದು ಅವರದೇ ಹವ್ಯಾಸದಂತೆ ಕೇಳಿಸುತ್ತದೆ. ಹಾಜರಿಗಾಗಿ ಮುಖ ತೋರಿಸಬೇಕಾದ ಪೌರಕಾರ್ಮಿಕರು, ಬೆರಳಚ್ಚು ತಾಳೆಯಾಗದೆ ಸೌಲಭ್ಯ ಕಳೆದುಕೊಂಡ ವೃದ್ಧರು, ಸುದ್ದಿಮೂಲವನ್ನು ಕಾಪಾಡಬೇಕಾದ ಪತ್ರಕರ್ತರು, ಹಿಂಬಾಲಿಸುವ ಮಾಜಿ ಗಂಡನಿಂದ ವಿಳಾಸ ಮುಚ್ಚಿಡಬೇಕಾದ ಮಹಿಳೆಯರು ಜೊತೆಗಿದ್ದಾಗ ಬೇಡಿಕೆಗೆ ಮೈ ಬರುತ್ತದೆ. ಅವರನ್ನು ಪತ್ರಿಕಾಗೋಷ್ಠಿಯ ದಿನ ಕರೆತಂದು ಕೂರಿಸುವುದಲ್ಲ. ಬೇಡಿಕೆಯ ವಾಕ್ಯ ಬರೆಯುವಾಗಲೇ ಕೇಳಬೇಕು. ಕ್ಯಾಮೆರಾ ಬೇಡವೆಂದು ಗುಂಪು ತೀರ್ಮಾನಿಸಿದ ಮೇಲೆ, ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕ ಮಹಿಳೆಯರು ಕ್ಯಾಮೆರಾ ಇರಲಿ, ಮುಖ ಗುರುತಿಸುವುದು ಬೇಡ ಎನ್ನಬಹುದು. ಆಗ ಬದಲಾಗಬೇಕಾದದ್ದು ವಾಕ್ಯವೇ.

ದೊಡ್ಡ ಸಂಖ್ಯೆಯ ಜನರನ್ನು ಕರೆತರಬೇಕಾದಾಗ ಅವರ ಕೆಲಸವನ್ನು ಹಗುರ ಮಾಡಿಕೊಡಬೇಕು. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2015ರ ಮಾರ್ಚ್‌ನಲ್ಲಿ 118 ಪುಟಗಳ ಸಮಾಲೋಚನಾ ಪತ್ರವೊಂದನ್ನು ಹೊರಡಿಸಿ 20 ಪ್ರಶ್ನೆಗಳಿಗೆ ಜನರ ಅಭಿಪ್ರಾಯ ಕೇಳಿತು. ಜಾಲ ತಾಟಸ್ಥ್ಯದ, ಅಂದರೆ ಇಂಟರ್ನೆಟ್ ಕಂಪನಿಗಳು ಎಲ್ಲ ತಾಣಗಳನ್ನೂ ಒಂದೇ ರೀತಿ ಕಾಣಬೇಕೆಂಬ ತತ್ವದ, ಪರವಾಗಿದ್ದ ಸ್ವಯಂಸೇವಕರು ಆ ಪತ್ರವನ್ನು ಚಿಕ್ಕದಾಗಿ ಬಿಡಿಸಿ ಹೇಳಿ, ಪ್ರಶ್ನೆಗಳಿಗೆ ಉತ್ತರದ ಕರಡನ್ನೂ ಸಿದ್ಧಪಡಿಸಿ ಜನರ ಮುಂದಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. 2016ರ ಫೆಬ್ರವರಿ 8ರಂದು ಪ್ರಾಧಿಕಾರವು, ಕಂಪನಿಗಳು ತಾಣವನ್ನು ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಈ ಕಥೆಯಲ್ಲಿ ಎಲ್ಲರೂ ಹೇಳದ ಒಂದು ತಿರುವಿದೆ: ಬಂದ ಇಮೇಲ್‌ಗಳನ್ನು ಪ್ರಾಧಿಕಾರವು ಕಳುಹಿಸಿದವರ ವಿಳಾಸಗಳೊಂದಿಗೆ ಹಾಗೆಯೇ ಪ್ರಕಟಿಸಿಬಿಟ್ಟಿತು. ಇಂಟರ್ನೆಟ್ಟಿನ ಹಕ್ಕಿಗಾಗಿ ದನಿ ಎತ್ತಿದವರ ಇಮೇಲ್ ವಿಳಾಸಗಳು ಕಸದ ಸಂದೇಶ ಕಳುಹಿಸುವವರಿಗೆ ಪುಕ್ಕಟೆ ಸಿಕ್ಕವು. ಅಂದಿನಿಂದ, ಸಹಿ ಸಂಗ್ರಹದ ಅಭಿಯಾನ ನಡೆಸುವ ಯಾರೇ ಆದರೂ, ಸಹಿ ಹಾಕಿದವರ ವಿವರವನ್ನು ಪಡೆಯುವವರು ಅದನ್ನು ಏನು ಮಾಡುತ್ತಾರೆ ಎಂದು ಮೊದಲೇ ಬರೆದು ಕೇಳಿಕೊಂಡು, ಆ ಉತ್ತರವನ್ನು ಸಹಿ ಹಾಕುವ ಜಾಗದಲ್ಲೇ ತಿಳಿಸುವುದು ಒಳ್ಳೆಯದು.

ಹೊರಗಿನ ಸಂಸ್ಥೆಗಳ ಜೊತೆಗೂಡುವುದಕ್ಕೂ ಜಾಗವಿದೆ. 1990ರಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, 2002ರಿಂದ ಇರುವ ಯುರೋಪಿನ ಎಡ್ರಿ ಒಕ್ಕೂಟ, 2009ರ ಆಕ್ಸೆಸ್ ನೌ ಮುಂತಾದವುಗಳ ಬಳಿ ಬೇರೆ ದೇಶಗಳಲ್ಲಿ ನೀವು ಎದುರಿಸುತ್ತಿರುವ ಮಸೂದೆಯ ಅಣ್ಣತಮ್ಮಂದಿರನ್ನು ಎದುರಿಸಿದ ಅನುಭವವಿದೆ. ಅವರಿಂದ ಕಾನೂನಿನ ವಿಶ್ಲೇಷಣೆ ಪಡೆಯಿರಿ, ಬೇಡಿಕೆಯನ್ನು ಮಾತ್ರ ನೀವೇ ಬರೆಯಿರಿ. ಹಣದ ಮೂಲವನ್ನು ಬಹಿರಂಗವಾಗಿಡಿ. ತನಿಖೆಗೆ ಒಳಪಡುವ ಕಂಪನಿಯಿಂದ ಪಡೆದ ಪ್ರಾಯೋಜಕತ್ವ ಚಿಕ್ಕದಾದರೂ ಒಂದಲ್ಲ ಒಂದು ದಿನ ಎದುರು ಪಕ್ಷದ ಮೊದಲ ವಾದವಾಗುತ್ತದೆ.

ಯಾವ ಬಾಗಿಲು ತಟ್ಟಬೇಕು

ಶಾಸನಸಭೆ, ನಿಯಂತ್ರಕರು, ನ್ಯಾಯಾಲಯ, ಕಂಪನಿ: ಬಾಗಿಲುಗಳು ಹಲವು, ಎಲ್ಲವೂ ಒಂದೇ ಹೊತ್ತಿಗೆ ತೆರೆದಿರುವುದಿಲ್ಲ. ಮಸೂದೆ ಕರಡಿನ ಹಂತದಲ್ಲಿದ್ದರೆ ಸಂಸದೀಯ ಸಮಿತಿಯ ಮುಂದೆ ಎರಡು ಪುಟದ ಟಿಪ್ಪಣಿಯಿಡುವುದು, ಅಂಗೀಕಾರವಾದ ಮೇಲೆ ಇನ್ನೂರು ಪುಟದ ಅರ್ಜಿ ಹಾಕುವುದಕ್ಕಿಂತ ಸುಲಭ. ಆ ಟಿಪ್ಪಣಿಯಲ್ಲಿ ಟೀಕೆಯ ಜೊತೆಗೆ ಬದಲಿ ವಾಕ್ಯವೂ ಇರಬೇಕು: ಇಂಥ ಕಲಮಿನ ಇಂಥ ಪದದ ಬದಲು ಹೀಗಿರಲಿ ಎಂದು ಬರೆದುಕೊಟ್ಟರೆ, ಒಪ್ಪಲು ಮನಸ್ಸಿರುವ ಸದಸ್ಯರು ಅದನ್ನು ನೇರವಾಗಿ ತಿದ್ದುಪಡಿಯಾಗಿ ಮಂಡಿಸಬಹುದು. ಅಂತರರಾಷ್ಟ್ರೀಯ ಒಪ್ಪಂದಗಳಂಥ ವಿಷಯದಲ್ಲಿ ಮಾತ್ರ ತಿದ್ದುಪಡಿಗೆ ಅವಕಾಶವಿಲ್ಲದೆ ಒಪ್ಪು ಅಥವಾ ತಳ್ಳು ಎಂಬ ಎರಡೇ ದಾರಿ ಉಳಿಯುತ್ತವೆ. ಆಗ ಬೀದಿಯ ದನಿಗೆ ಬೆಲೆ ಬರುತ್ತದೆ. ನಕಲಿ ಸರಕು ಮತ್ತು ಹಕ್ಕುಸ್ವಾಮ್ಯದ ಹೆಸರಿನಲ್ಲಿ ಬಂದಿದ್ದ ಆಕ್ಟಾ ಒಪ್ಪಂದವನ್ನು, ಅನೇಕ ನಗರಗಳಲ್ಲಿ ಪ್ರತಿಭಟನೆ ನಡೆದ ಬಳಿಕ, ಯುರೋಪಿನ ಸಂಸತ್ತು 2012ರ ಜುಲೈ 4ರಂದು 39ಕ್ಕೆ 478 ಮತಗಳಿಂದ ತಿರಸ್ಕರಿಸಿತು.

ಕಂಪನಿಗಳ ಮನವೊಲಿಸುವುದು ಅಸಾಧ್ಯವೆಂದುಕೊಳ್ಳಬೇಕಿಲ್ಲ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹುಡುಕಲು ಫೋನಿನಲ್ಲೇ ಫೋಟೊಗಳನ್ನು ಪರಿಶೀಲಿಸುವ ಯೋಜನೆಯನ್ನು ಆಪಲ್ ಕಂಪನಿ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿದಾಗ, ಅದೇ ತಿಂಗಳಲ್ಲಿ 90ಕ್ಕೂ ಹೆಚ್ಚು ಸಂಘಟನೆಗಳು ಸೇರಿ ಬಹಿರಂಗ ಪತ್ರ ಬರೆದವು. ಮರು ತಿಂಗಳೇ ಯೋಜನೆಯನ್ನು ಮುಂದೂಡಿದ ಕಂಪನಿ, 2022ರ ಡಿಸೆಂಬರಿನಲ್ಲಿ ಅದನ್ನು ಕೈಬಿಟ್ಟಿರುವುದಾಗಿ ತಿಳಿಸಿತು. ಆಕ್ಷೇಪವು ಉದ್ದೇಶದ ಬಗ್ಗೆ ಇರಲಿಲ್ಲ; ಒಮ್ಮೆ ಅಂಥ ಶೋಧ ಯಂತ್ರ ಫೋನಿನೊಳಗೆ ಕುಳಿತರೆ, ನಾಳೆ ಸರ್ಕಾರಗಳು ಬೇರೆ ಚಿತ್ರಗಳನ್ನು ಹುಡುಕಲು ಒತ್ತಾಯಿಸುತ್ತವೆ ಎಂಬುದರ ಬಗ್ಗೆ ಇತ್ತು. ಮಕ್ಕಳ ರಕ್ಷಣೆಯನ್ನೋ ಭಯೋತ್ಪಾದನೆಯನ್ನೋ ಮುಂದಿಟ್ಟು ಸಂದೇಶಗಳನ್ನು ಬೇರೆಯವರು ಓದದಂತೆ ಕಾಪಾಡುವ ಗೂಢಲಿಪಿಯನ್ನು ಸಡಿಲಿಸಲು ಹೊರಟವರನ್ನು ಎದುರಿಸುವಾಗ ಇದೇ ದಾರಿ ಸರಿ. ಆತಂಕವನ್ನು ಸುಳ್ಳೆನ್ನಬಾರದು. ಸೂಚಿಸಿದ ಉಪಾಯ ಹೇಗೆ ಕೆಲಸ ಮಾಡುತ್ತದೆ, ಅದನ್ನು ಬೇರೆ ಯಾರು ಬಳಸಬಲ್ಲರು ಎಂಬುದನ್ನು ತೋರಿಸಬೇಕು. “ಮುಚ್ಚಿಡುವಂಥದ್ದೇನೂ ಇಲ್ಲದವರಿಗೆ ಭಯವೇಕೆ” ಎಂಬ ಹಳೆಯ ಮಾತಿಗೆ ದೀರ್ಘ ಉಪನ್ಯಾಸ ಬೇಡ; ಆ ವಿವರವನ್ನು ಯಾರು ನೋಡುತ್ತಾರೆ, ತಪ್ಪಿದ್ದರೆ ಯಾರು ತಿದ್ದುತ್ತಾರೆ ಎಂದು ಕೇಳಿದರೆ ಸಾಕು.

ನ್ಯಾಯಾಲಯವನ್ನು ಕೊನೆಗೆ ಇಟ್ಟುಕೊಳ್ಳುವುದು ಮೇಲು. ಸೋತ ಮೊಕದ್ದಮೆ ಬರೀ ಸೋಲಲ್ಲ, ಮುಂದಿನವರ ದಾರಿಗೆ ಅಡ್ಡ ಬೀಳುವ ಪೂರ್ವನಿದರ್ಶನ. ಗೆದ್ದರೂ ಪೂರ್ತಿ ಗೆಲುವು ಅಪರೂಪ: ಆಧಾರ್ ಕಾಯ್ದೆಯನ್ನು ಭಾರತದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಬಹುಮತದಿಂದ ಎತ್ತಿಹಿಡಿಯಿತಾದರೂ, ಖಾಸಗಿ ಕಂಪನಿಗಳಿಗೆ ಅದರ ಬಳಕೆಗೆ ದಾರಿ ಕೊಟ್ಟಿದ್ದ 57ನೇ ವಿಧಿಯ ಭಾಗವನ್ನು ತೆಗೆದುಹಾಕಿತು. ಅರ್ಜಿಯನ್ನು ಹೆಣೆಯುವಾಗಲೇ, ದೊಡ್ಡ ಪ್ರಾರ್ಥನೆ (ನ್ಯಾಯಾಲಯದಿಂದ ಕೇಳುವ ಪರಿಹಾರ) ಬಿದ್ದುಹೋದರೂ ನಿಲ್ಲಬಲ್ಲ ಚಿಕ್ಕ ಚಿಕ್ಕ ಪ್ರಾರ್ಥನೆಗಳನ್ನು ಪ್ರತ್ಯೇಕವಾಗಿ ಕೇಳಿರಬೇಕು.

ಮನೆಯೊಳಗಿನ ಶಿಸ್ತು

ಖಾಸಗಿತನಕ್ಕಾಗಿ ಕೆಲಸ ಮಾಡುವ ಸಂಸ್ಥೆಯ ಬಳಿ ದೂರುದಾರರ ಹೆಸರು, ಫೋನು, ಅವರಿಗಾದ ಅನ್ಯಾಯದ ವಿವರ ಎಲ್ಲವೂ ಒಂದೇ ಎಕ್ಸೆಲ್ ಹಾಳೆಯಲ್ಲಿದ್ದು, ಆ ಹಾಳೆಯ ಕೊಂಡಿ ಹತ್ತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದ್ದರೆ, ಎದುರಾಳಿ ಬೇರೆ ಬೇಕಿಲ್ಲ. ಕೂಡಿಡದ ಮಾಹಿತಿಯನ್ನು ಯಾರೂ ಕದಿಯಲಾರರು, ಯಾವ ಆದೇಶವೂ ಕಸಿಯಲಾರದು. 2016ರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಒಬ್ಬ ಬಳಕೆದಾರರ ಬಗ್ಗೆ ಸಿಗ್ನಲ್ ಎಂಬ ಸಂದೇಶ ಆ್ಯಪ್‌ನ ಸಂಸ್ಥೆಯನ್ನು ಕೇಳಿದಾಗ ಅದು ಕೊಡಲು ಸಾಧ್ಯವಾದದ್ದು ಎರಡೇ ಸಂಗತಿ: ಖಾತೆ ತೆರೆದ ಹೊತ್ತು ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ಹೊತ್ತು. ಅದಕ್ಕಿಂತ ಹೆಚ್ಚಿಗೆ ಅದರ ಬಳಿ ಇರಲೇ ಇಲ್ಲ.

ಹೆಸರು ತೆಗೆದರೆ ಸಾಕು ಎಂಬ ನಂಬಿಕೆಯನ್ನೂ ಬಿಡಬೇಕು. 15 ಲಕ್ಷ ಜನರ ಮೊಬೈಲ್ ಸಂಚಾರದ ವಿವರವನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜಾಗ ಮತ್ತು ಹೊತ್ತು ಎರಡೂ ಗೊತ್ತಿರುವ ನಾಲ್ಕೇ ಬಿಂದುಗಳಿಂದ ಶೇ 95ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಕಂಡುಬಂತು. ಆದ್ದರಿಂದ ಸಂತ್ರಸ್ತರ ಕಥೆಯನ್ನು ವರದಿಯಲ್ಲಿ ಬರೆಯುವಾಗ ಹೆಸರು ತೆಗೆಯುವುದರ ಜೊತೆಗೆ ಊರು, ದಿನಾಂಕ, ಉದ್ಯೋಗ ಮೂರೂ ಒಟ್ಟಿಗೆ ಉಳಿಯದಂತೆ ನೋಡಿಕೊಳ್ಳಿ, ಅಚ್ಚಿಗೆ ಹೋಗುವ ಮೊದಲು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ, ಮನಸ್ಸು ಬದಲಾದರೆ ಹಿಂತೆಗೆಯಲು ಯಾವ ದಿನದವರೆಗೆ ಸಾಧ್ಯ ಎಂಬುದನ್ನೂ ತಿಳಿಸಿ.

ಸಾಧನಗಳ ಸುರಕ್ಷತೆಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಖಾತೆಗಳಿಗೆ ಎರಡು ಹಂತದ ಪರಿಶೀಲನೆ, ಪಾಸ್‌ವರ್ಡ್ ನಿರ್ವಾಹಕ, ತಡಮಾಡದೆ ಹಾಕಿಕೊಳ್ಳುವ ಅಪ್‌ಡೇಟ್, ಗೂಢಲಿಪಿಯಲ್ಲಿಟ್ಟ ಬ್ಯಾಕಪ್, ಕೆಲಸ ಮುಗಿದ ಕಡತ ಅಳಿಸಲು ಗೊತ್ತುಮಾಡಿದ ದಿನ, ಇಷ್ಟಾದರೆ ದಿನನಿತ್ಯದ ಅಪಾಯಗಳಲ್ಲಿ ಬಹುಪಾಲು ಕಡಿಮೆಯಾಗುತ್ತವೆ. ಪೆಗಾಸಸ್‌ನಂಥ ಗೂಢಚಾರ ತಂತ್ರಾಂಶದ ಮುಂದೆ ಇವು ಸಾಲವು. ಪತ್ರಕರ್ತರೂ ಹಕ್ಕುಗಳ ಹೋರಾಟಗಾರರೂ ಅದರ ಗುರಿಯಾಗಿದ್ದರೆಂಬ ವರದಿಗಳು 2021ರ ಜುಲೈನಲ್ಲಿ ಅನೇಕ ದೇಶಗಳ ಪತ್ರಿಕೆಗಳಲ್ಲಿ ಏಕಕಾಲಕ್ಕೆ ಹೊರಬಂದವು. ಅಂಥ ಅನುಮಾನ ಬಂದಾಗ ಫೋನನ್ನು ಅಳಿಸಿ ಹೊಸದಾಗಿಸಬಾರದು, ಸಾಕ್ಷ್ಯವೂ ಅದರೊಡನೆ ಹೋಗುತ್ತದೆ. ಅದನ್ನು ಬಳಸುವುದು ನಿಲ್ಲಿಸಿ, ಬೇರೆ ಸಾಧನದಿಂದ ಪರಿಣತರನ್ನು ಸಂಪರ್ಕಿಸಬೇಕು. ನಾಗರಿಕ ಸಂಘಟನೆಗಳಿಗಾಗಿಯೇ ಆಕ್ಸೆಸ್ ನೌ ಸಂಸ್ಥೆ ಹಗಲು ರಾತ್ರಿಯ ಸಹಾಯವಾಣಿಯನ್ನು ನಡೆಸುತ್ತದೆ.

ಗೆದ್ದ ಮೇಲಿನ ಕೆಲಸ

ತೀರ್ಪು ಬಂದ ದಿನ ಪತ್ರಿಕೆಯವರು ಬರುತ್ತಾರೆ, ಮರುದಿನ ಯಾರೂ ಬರುವುದಿಲ್ಲ. ಅಂತರ್ಜಾಲದ ಬರಹಗಳಿಗಾಗಿ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ, ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತ್ತು. ಆದರೂ ಪೊಲೀಸ್ ಠಾಣೆಗಳಲ್ಲಿ ಅದೇ ವಿಧಿಯಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯು ಅಂಕಿಅಂಶಗಳೊಡನೆ ಮತ್ತೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆ ವಿಧಿಯಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಮತ್ತೊಮ್ಮೆ ನಿರ್ದೇಶಿಸಿತು. ಶ್ರೆಮ್ಸ್ ಅವರ ದೂರಿನಿಂದ ಯುರೋಪ್ ಮತ್ತು ಅಮೆರಿಕಗಳ ನಡುವಿನ ಮಾಹಿತಿ ರವಾನೆಯ ಏರ್ಪಾಡು 2015ರಲ್ಲಿ ಬಿತ್ತು, ಮರುವರ್ಷ ಬೇರೆ ಹೆಸರಿನಲ್ಲಿ ಬಂತು, 2020ರಲ್ಲಿ ಅದೂ ಬಿತ್ತು, 2023ರಲ್ಲಿ ಮೂರನೆಯದು ಬಂತು.

ಹೀಗಾಗಿ ಗೆಲುವಿನ ವಾರದಲ್ಲೇ ಮುಂದಿನ ಕೆಲಸವನ್ನು ಹಂಚಿಕೊಳ್ಳಬೇಕು. ಆದೇಶದ ಪ್ರತಿಯನ್ನು ಅದನ್ನು ಪಾಲಿಸಬೇಕಾದ ಪ್ರತಿಯೊಂದು ಕಚೇರಿಗೂ ಸ್ವೀಕೃತಿ ಸಹಿತ ಕಳುಹಿಸಬೇಕು, ಏಕೆಂದರೆ ಕೆಳಹಂತದ ಸಿಬ್ಬಂದಿ ಎಷ್ಟೋ ಸಲ ಅದನ್ನು ಓದಿರುವುದೇ ಇಲ್ಲ. ಕ್ಯಾಮೆರಾ ಖರೀದಿ ರದ್ದಾಗಿದ್ದರೆ, ಆರು ತಿಂಗಳ ನಂತರದ ಟೆಂಡರ್ ಪ್ರಕಟಣೆಗಳಲ್ಲಿ ಅದೇ ಸಾಧನ “ಸಂಚಾರ ನಿರ್ವಹಣೆ” ಎಂಬ ಹೆಸರಿನಲ್ಲಿ ಮರಳಿದೆಯೇ ಎಂದು ನೋಡುವವರು ಒಬ್ಬರಿರಬೇಕು. ಹಿಂದೆ ಹಾಕಿದ್ದ ಮಾಹಿತಿ ಹಕ್ಕಿನ ಅರ್ಜಿಯನ್ನೇ ದಿನಾಂಕ ಮಾತ್ರ ಬದಲಿಸಿ ವರ್ಷಕ್ಕೊಮ್ಮೆ ಮತ್ತೆ ಹಾಕಿದರೆ ಹೋಲಿಸಿ ನೋಡಬಹುದಾದ ಉತ್ತರಗಳು ಸಿಗುತ್ತವೆ. ಈಗಾಗಲೇ ಕೂಡಿಟ್ಟ ಮುಖಗಳ ಸಂಗ್ರಹ ಅಳಿಸಿದ್ದಾರೆಯೇ ಎಂಬುದು ಕೊನೆಗೆ ಉಳಿಯುವ ಪ್ರಶ್ನೆ. ಅಳಿಸಿದ ದಿನಾಂಕ, ಅಳಿಸಿದ ಅಧಿಕಾರಿಯ ಹುದ್ದೆ, ಮಾರಾಟಗಾರರ ಬಳಿಯಿದ್ದ ಪ್ರತಿಯ ಗತಿ, ಈ ಮೂರನ್ನೂ ಬರಹದಲ್ಲಿ ಕೇಳಿ. ಲಿಖಿತ ಉತ್ತರ ಬರುವವರೆಗೆ ಆ ಕಡತವನ್ನು ಮುಚ್ಚಬೇಡಿ.